ವಿಮಾನದಲ್ಲಿ ಯಂತ್ರ ಕೆಟ್ಟಾಗ

— ಒಬ್ಬ ವಿದ್ಯಾರ್ಥಿ, ದ್ವಿತೀಯ ಬಿ.ಎ.

ಕೊಡಗಿನಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ವಿಮಾನ ಏರಬೇಕೆನ್ನುವವರು ಮೊದಲು ಬೆಟ್ಟ ಇಳಿಯಬೇಕು. ಇಂಥ ನಾಡಿನವನು, ಅದರಲ್ಲೂ ಇತಿಹಾಸ ಅರ್ಥಶಾಸ್ತ್ರಗಳನ್ನು ಓದುವವನು, ವಿಮಾನದ ವಿಷಯವಾಗಿ ಬರೆಯಹೊರಟರೆ ಮಿತ್ರರು ನಕ್ಕಾರು. ಆದರೂ ಬರೆಯುತ್ತಿದ್ದೇನೆ. ಅದಕ್ಕೊಂದು ಕಾರಣವಿದೆ.

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಅಜ್ಜಿಯನ್ನು ಮುಂಬಯಿಯಲ್ಲಿರುವ ಸೋದರಮಾವನ ಮನೆಗೆ ಕರೆದುಕೊಂಡು ಹೊರಟಿದ್ದೆ. ವಿರಾಜಪೇಟೆಯಿಂದ ಮಾಕುಟ್ಟದ ಘಾಟಿ ಇಳಿದು, ಇರಿಟ್ಟಿಯ ಮೇಲೆ ಮಟ್ಟನ್ನೂರಿನ ನಿಲ್ದಾಣ ಸೇರಿ ವಿಮಾನ ಹತ್ತಿದೆವು. ಅಜ್ಜಿಗೆ ಅದೇ ಮೊದಲನೆಯ ವಿಮಾನ ಪ್ರಯಾಣ. ಮೇಲೇರಿ ಇಪ್ಪತ್ತು ನಿಮಿಷವಾಗಿರಬಹುದು. ವಿಮಾನದ ಒಂದು ವ್ಯವಸ್ಥೆಯಲ್ಲಿ ದೋಷ ಕಂಡುಬಂದಿದೆ, ಹೊರಟಲ್ಲಿಗೇ ಹಿಂದಿರುಗುತ್ತೇವೆ ಎಂದು ಚಾಲಕರು ಸಮಾಧಾನದ ಧ್ವನಿಯಲ್ಲಿ ಹೇಳಿದರು. ಹಿಂದಿರುಗಿದ್ದೇನೋ ನಿಜ, ಆದರೆ ಕೂಡಲೇ ಇಳಿಯಲಿಲ್ಲ. ಮುಕ್ಕಾಲು ಗಂಟೆಯ ಕಾಲ ಸಮುದ್ರದ ಮೇಲೆ ಸುತ್ತುತ್ತಲೇ ಇದ್ದೆವು.

ಅಜ್ಜಿ ನನ್ನ ಕೈ ಹಿಡಿದುಕೊಂಡು ಕೇಳಿದರು: “ಅಲ್ಲ ಮಗಾ, ಕೆಟ್ಟಿದ್ದರೆ ಬೇಗ ಇಳಿಸಬಾರದಾ? ಯಾಕೆ ಹೀಗೆ ಸುತ್ತುತ್ತಾ ಇದ್ದಾನೆ?”

ನನಗೆ ಉತ್ತರ ಗೊತ್ತಿರಲಿಲ್ಲ. “ಕೆಳಗೆ ಜಾಗ ಖಾಲಿ ಇಲ್ಲ ಅಜ್ಜಿ” ಎಂದುಬಿಟ್ಟೆ. ಕೊನೆಗೆ ಇಳಿದಾಗ ಓಟದ ದಾರಿಯ ಪಕ್ಕದಲ್ಲಿ ಬೆಂಕಿ ಆರಿಸುವ ಗಾಡಿಗಳು ಸಾಲಾಗಿ ನಿಂತಿದ್ದುವು. ಅಜ್ಜಿ ಅವನ್ನು ನೋಡಿದರು, ನನ್ನನ್ನೂ ನೋಡಿದರು, ಮಾತಾಡಲಿಲ್ಲ. ಮನೆಗೆ ಬಂದ ಮೇಲೆ, ಇನ್ನು ವಿಮಾನ ಹತ್ತುವುದಿಲ್ಲವೆಂದು ಒಂದೇ ಮಾತಿನಲ್ಲಿ ಹೇಳಿದರು. ಬರುವ ವೈಶಾಖದಲ್ಲಿ ಮಾವನ ಮಗಳ ಮದುವೆ. ಮಂಡಿನೋವಿನ ಅಜ್ಜಿ ರೈಲಿನಲ್ಲಿ ಅಷ್ಟು ದೂರ ಕೂರಲಾರರು. ಮೊಮ್ಮಗಳ ಮದುವೆಗೆ ಅಜ್ಜಿ ಹೋಗದಂತಾಗುವುದಕ್ಕೆ ಯಂತ್ರದ ದೋಷ ಎಷ್ಟು ಕಾರಣವೋ ನನ್ನ ಸುಳ್ಳೂ ಅಷ್ಟೇ ಕಾರಣವೆಂದು ನನಗೆ ತೋರಿತು. ಅವರ ಪ್ರಶ್ನೆಗೆ ನಿಜವಾದ ಉತ್ತರವನ್ನು ಹುಡುಕಬೇಕೆಂದು ಓದತೊಡಗಿದೆ. ಹಾಗೆ ಓದಿ ತಿಳಿದುದನ್ನೇ ಇಲ್ಲಿ ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಯಂತ್ರ ಕೆಟ್ಟರೆ ವಿಮಾನ ಕಲ್ಲಿನಂತೆ ಬಿದ್ದುಹೋಗುತ್ತದೆ ಎಂಬುದು ನಮ್ಮಲ್ಲಿ ಬಹುಮಂದಿಯ ಭಾವನೆ. ಇದು ಸರಿಯಲ್ಲ. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆ. ಇಂಜಿನು ಅದನ್ನು ಮುಂದಕ್ಕೆ ತಳ್ಳುತ್ತದೆ. ಎರಡು ಇಂಜಿನಿನ ಪ್ರಯಾಣಿಕ ವಿಮಾನದಲ್ಲಿ ಒಂದು ನಿಂತರೆ ಇನ್ನೊಂದರಿಂದಲೇ ಹಾರಿ ಇಳಿಯಲು ಸಾಧ್ಯವಾಗುವಂತೆ ಅದನ್ನು ಕಟ್ಟಿರುತ್ತಾರೆ. ನೆಲ ಬಿಡುವ ಮೊದಲೇ ಚಾಲಕರು ಒಂದು ವೇಗವನ್ನು ಲೆಕ್ಕಹಾಕಿ ಇಟ್ಟುಕೊಂಡಿರುತ್ತಾರೆ. ಆ ವೇಗ ಮುಟ್ಟುವುದಕ್ಕೆ ಮೊದಲು ಇಂಜಿನು ಕೆಟ್ಟರೆ ನಿಲ್ಲಿಸುವುದು. ಮುಟ್ಟಿದ ಮೇಲೆ ಕೆಟ್ಟರೆ ನಿಲ್ಲಿಸಲು ದಾರಿ ಸಾಲದು, ಆದ್ದರಿಂದ ಉಳಿದ ಇಂಜಿನಿನಿಂದಲೇ ಮೇಲೇರಿ, ಆಮೇಲೆ ಹಿಂದಿರುಗುವುದು. ಎರಡೂ ನಿಂತವೆಂದೇ ಇಟ್ಟುಕೊಳ್ಳೋಣ. ಆಗಲೂ ವಿಮಾನ ತೇಲುತ್ತ ಇಳಿಯುತ್ತದೆ. ಒಂದು ಕಿಲೋಮೀಟರು ಇಳಿಯುವಷ್ಟರಲ್ಲಿ ಸುಮಾರು ಹದಿನೈದು ಕಿಲೋಮೀಟರು ಮುಂದೆ ಸಾಗಿರುತ್ತದೆ. ನಮ್ಮ ಮಡಿಕೇರಿಯ ಮೇಲೆ 35,000 ಅಡಿ ಎತ್ತರದಲ್ಲಿ ಹೋಗುತ್ತಿರುವ ವಿಮಾನಕ್ಕೆ ಹೀಗಾದರೆ, ಬರಿಯ ಲೆಕ್ಕದ ಮಟ್ಟಿಗೆ, ಕಣ್ಣೂರಿನ ನಿಲ್ದಾಣವೂ ಮಂಗಳೂರಿನ ನಿಲ್ದಾಣವೂ ಅದಕ್ಕೆ ಎಟಕುವ ದೂರದಲ್ಲೇ ಇವೆ.

ಇದು ಕಾಗದದ ಲೆಕ್ಕ ಮಾತ್ರವಲ್ಲ. 1982ರ ಜೂನ್ 24ರ ರಾತ್ರಿ ಬ್ರಿಟಿಷ್ ಏರ್‌ವೇಸಿನ ಬೋಯಿಂಗ್ 747 ಒಂದು ಜಾವಾ ದ್ವೀಪದ ಬಳಿ ಗಲುಂಗುಂಗ್ ಜ್ವಾಲಾಮುಖಿಯ ಬೂದಿಯನ್ನು ಹೊಕ್ಕಿತು. ಅದರ ನಾಲ್ಕು ಇಂಜಿನುಗಳೂ ನಿಂತುಹೋದುವು. ಕ್ಯಾಪ್ಟನ್ ಎರಿಕ್ ಮೂಡಿಯೂ ಅವರ ಸಂಗಡಿಗರೂ ವಿಮಾನವನ್ನು ತೇಲಿಸಿಕೊಂಡು ಬರುತ್ತ, ಇಂಜಿನು ಚಾಲೂ ಮಾಡುವ ಕ್ರಮವನ್ನು ಮತ್ತೆ ಮತ್ತೆ ನಡೆಸಿದರು. ಬೂದಿಯ ಮೋಡದಿಂದ ಕೆಳಗೆ ಬಂದ ಮೇಲೆ ಇಂಜಿನುಗಳು ಹತ್ತಿಕೊಂಡುವು. ಜಕಾರ್ತದಲ್ಲಿ ಎಲ್ಲರೂ ಕ್ಷೇಮವಾಗಿ ಇಳಿದರು.

ಹಾಗಾದರೆ ಅಪಾಯವಿರುವುದು ಎಲ್ಲಿ? ಕೆಟ್ಟ ಯಂತ್ರದಲ್ಲಿ ಎಷ್ಟಿದೆಯೋ, ಅದನ್ನು ನೋಡುವ ಮನಸ್ಸಿನಲ್ಲಿಯೂ ಅಷ್ಟೇ ಇದೆ. ಚಾಲಕರಿಗೆ ಕಲಿಸುವ ಮೊದಲ ಪಾಠ ಮೂರು ಮಾತಿನದು: ಮೊದಲು ವಿಮಾನವನ್ನು ಹಾರಿಸು, ಆಮೇಲೆ ದಾರಿ ನೋಡು, ಆಮೇಲೆ ಮಾತಾಡು. ಕೇಳುವುದಕ್ಕೆ ಇದು ಬಾಲಬೋಧೆಯಂತೆ ತೋರುತ್ತದೆ. ಹಾರುತ್ತಿರುವವನಿಗೆ ಹಾರಿಸು ಎಂದು ಹೇಳಬೇಕೆ? ಹೇಳಬೇಕು ಎಂಬುದಕ್ಕೆ ಒಂದು ದುಃಖದ ಉದಾಹರಣೆಯಿದೆ.

1972ರ ಡಿಸೆಂಬರ್ 29ರ ರಾತ್ರಿ ಈಸ್ಟರ್ನ್ ಏರ್‌ಲೈನ್ಸ್ ಕಂಪನಿಯ ವಿಮಾನವೊಂದು ನ್ಯೂಯಾರ್ಕಿನಿಂದ ಬಂದು ಮಯಾಮಿಯಲ್ಲಿ ಇಳಿಯುವುದರಲ್ಲಿತ್ತು. ಮುಂದಿನ ಚಕ್ರ ಸರಿಯಾಗಿ ಇಳಿದು ನಿಂತಿದೆಯೆಂದು ತೋರಿಸುವ ಹಸಿರು ದೀಪ ಹತ್ತಲಿಲ್ಲ. ವಿಮಾನವನ್ನು 2,000 ಅಡಿಗೆ ಏರಿಸಿ, ಸ್ವಯಂಚಾಲಕಕ್ಕೆ ಒಪ್ಪಿಸಿ, ಚಾಲಕರ ಕೋಣೆಯಲ್ಲಿದ್ದವರೆಲ್ಲ ಆ ದೀಪದ ಹಿಂದೆ ಬಿದ್ದರು. ಎತ್ತರವನ್ನು ಕಾಯುತ್ತಿದ್ದ ಸ್ವಯಂಚಾಲಕದ ಹಿಡಿತ ನಡುವೆ ತಪ್ಪಿತು. ವಿಮಾನ ಮೆಲ್ಲಮೆಲ್ಲನೆ ಇಳಿಯತೊಡಗಿತು. ಯಾರೂ ಗಮನಿಸಲಿಲ್ಲ. ಕತ್ತಲೆಯ ಜೌಗುನೆಲಕ್ಕೆ ಬಡಿದು ಸುಮಾರು ನೂರು ಮಂದಿ ಸತ್ತರು. ಆಮೇಲೆ ನೋಡಿದರೆ ಚಕ್ರ ಸರಿಯಾಗಿಯೇ ಇಳಿದಿತ್ತು. ಸುಟ್ಟುಹೋಗಿದ್ದುದು ದೀಪದ ಬುರುಡೆ ಮಾತ್ರ.

ನಮ್ಮ ಬೆಂಗಳೂರಿನದೂ ಒಂದು ಉದಾಹರಣೆಯಿದೆ. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ 320 ವಿಮಾನ ಆಗಿನ ಎಚ್.ಎ.ಎಲ್. ನಿಲ್ದಾಣವನ್ನು ಮುಟ್ಟುವ ಮೊದಲೇ ಗಾಲ್ಫ್ ಮೈದಾನದ ಕಡೆ ನೆಲಕ್ಕೆ ತಗುಲಿ ನಾಶವಾಯಿತು. ಅದರಲ್ಲಿದ್ದ 146 ಮಂದಿಯಲ್ಲಿ 92 ಮಂದಿ ತೀರಿಕೊಂಡರು. ಅಲ್ಲಿ ಇಂಜಿನು ಕೆಟ್ಟಿರಲಿಲ್ಲ. ಯಂತ್ರವ್ಯವಸ್ಥೆ ಇಂಜಿನುಗಳನ್ನು ಕನಿಷ್ಠ ಬಲದಲ್ಲಿ ಇಟ್ಟಿತ್ತು. ವೇಗ ಕುಗ್ಗುತ್ತಿದ್ದುದು ಚಾಲಕರ ಲಕ್ಷ್ಯಕ್ಕೆ ಬರುವ ಹೊತ್ತಿಗೆ ಕಾಲ ಮೀರಿತ್ತು. ವೇಗವನ್ನೂ ಎತ್ತರವನ್ನೂ ಒಬ್ಬರಾದರೂ ಸದಾ ಕಾಯುತ್ತಿರಬೇಕು ಎಂಬ ಪಾಠಕ್ಕೆ ಇಷ್ಟು ಬೆಲೆ ತೆರಬೇಕಾಯಿತು.

ಆದ್ದರಿಂದಲೇ ಈಗ ಚಾಲಕರ ಕೋಣೆಯಲ್ಲಿ ಕೆಲಸವನ್ನು ಸ್ಪಷ್ಟವಾಗಿ ಹಂಚಿರುತ್ತಾರೆ. ಇಬ್ಬರಲ್ಲಿ ಒಬ್ಬರು ಹಾರಿಸುವವರು. ಅವರು ಬೇರೆ ಯಾವುದಕ್ಕೂ ತಲೆ ಹಾಕಬಾರದು. ಇನ್ನೊಬ್ಬರು ನೋಡಿಕೊಳ್ಳುವವರು, ಪುಸ್ತಕ ತೆರೆದು ಓದುವುದು, ರೇಡಿಯೋದಲ್ಲಿ ಮಾತಾಡುವುದು, ಸ್ವಿಚ್ಚು ಹಾಕುವುದು ಇವರ ಪಾಲು. ಪುಸ್ತಕವೆಂದೆನಷ್ಟೆ. ಯಾವ ದೋಷಕ್ಕೆ ಯಾವ ಯಾವ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕೆಂದು ಅದರಲ್ಲಿ ಬರೆದಿರುತ್ತದೆ. ಇಂಥ ಪಟ್ಟಿಗಳ ಪದ್ಧತಿ ಬೆಳೆದುದಕ್ಕೆ 1935ರ ಒಂದು ಅಪಘಾತ ಕಾರಣ. ಆ ವರ್ಷದ ಅಕ್ಟೋಬರ್ 30ರಂದು ಅಮೆರಿಕದ ರೈಟ್ ಫೀಲ್ಡಿನಲ್ಲಿ ಬೋಯಿಂಗ್ ಕಂಪನಿಯ ಹೊಸ ವಿಮಾನವೊಂದು ಮೇಲೇರಿದ ಕ್ಷಣವೇ ಬಿದ್ದಿತು. ನಿಂತಾಗ ಗಾಳಿಗೆ ಅಲುಗದಂತೆ ಹಾಕಿದ್ದ ಬೀಗವನ್ನು ತೆಗೆಯುವುದು ಮರೆತುಹೋಗಿತ್ತು. ಹಾರಿಸಿದವರು ನುರಿತವರೇ. ನುರಿತವರೂ ಮರೆಯುತ್ತಾರೆ, ಆದ್ದರಿಂದ ನೆನಪನ್ನು ನೆಚ್ಚದೆ ಬರೆದು ಓದಬೇಕು ಎಂಬ ವಿವೇಕ ಆಗ ಹುಟ್ಟಿತು.

ಪುಸ್ತಕ ತೆರೆಯುವಷ್ಟೂ ಸಮಯವಿಲ್ಲದ ಸಂದರ್ಭಗಳಿವೆ. ಅಂಥ ಕೆಲವನ್ನು ಮಾತ್ರ ಬಾಯಿಪಾಠ ಮಾಡಿರಬೇಕು. ವಿಮಾನದೊಳಗಿನ ಗಾಳಿಯ ಒತ್ತಡ ಇಳಿದುಹೋಗುವುದು ಅಂಥದೊಂದು. 35,000 ಅಡಿ ಎತ್ತರದಲ್ಲಿ ಹೀಗಾದರೆ ಒಂದು ನಿಮಿಷದೊಳಗೇ ಬುದ್ಧಿ ಮಂಕಾಗುತ್ತದೆ. ಆದ್ದರಿಂದ ಚಾಲಕರು ಮೊದಲು ತಮ್ಮ ಮುಖಕ್ಕೆ ಆಮ್ಲಜನಕದ ಮುಖವಾಡ ಹಾಕಿಕೊಳ್ಳುತ್ತಾರೆ. ಇದು ಸ್ವಾರ್ಥವಲ್ಲ, ಅವರು ಎಚ್ಚರವಾಗಿದ್ದರೆ ತಾನೆ ಉಳಿದವರೆಲ್ಲ ಬದುಕುವುದು? ಬಳಿಕ ವಿಮಾನವನ್ನು 10,000 ಅಡಿಗೆ ಇಳಿಸುತ್ತಾರೆ. ಅದು ನಮ್ಮ ತಡಿಯಂಡಮೋಳ್ ಶಿಖರದ ಎರಡರಷ್ಟಕ್ಕಿಂತ ಕಡಮೆ ಎತ್ತರ. ಅಲ್ಲಿ ಮುಖವಾಡವಿಲ್ಲದೆ ಉಸಿರಾಡಬಹುದು. ಪ್ರಯಾಣಿಕರ ಮುಂದೆ ತೂಗುಬೀಳುವ ಮುಖವಾಡಗಳಿಗೆ ಸುಮಾರು ಹನ್ನೆರಡು ನಿಮಿಷ ಆಮ್ಲಜನಕ ಬರುವುದು ಈ ಇಳಿತವನ್ನು ಲೆಕ್ಕಹಾಕಿಯೇ.

ಉಳಿದ ದೋಷಗಳಲ್ಲಿ ಆತುರವೇ ಶತ್ರು. 1989ರ ಜನವರಿ 8ರಂದು ಇಂಗ್ಲೆಂಡಿನಲ್ಲಿ ಬ್ರಿಟಿಷ್ ಮಿಡ್‌ಲ್ಯಾಂಡ್ ಕಂಪನಿಯ ಬೋಯಿಂಗ್ 737 ವಿಮಾನದ ಎಡ ಇಂಜಿನು ಮುರಿಯಿತು. ನಡುಕ, ಹೊಗೆಯ ವಾಸನೆ. ಚಾಲಕರು ಬೇಗ ಬೇಗ ನಿಶ್ಚಯಿಸಿ ಬಲ ಇಂಜಿನನ್ನು ನಿಲ್ಲಿಸಿದರು, ಎಂದರೆ, ಸರಿಯಿದ್ದುದನ್ನು! ಕೆಗ್‌ವರ್ತ್ ಎಂಬ ಹಳ್ಳಿಯ ಬಳಿ ವಿಮಾನ ಬಿದ್ದು 47 ಮಂದಿ ಮಡಿದರು. ಇಂಜಿನು ನಿಲ್ಲಿಸುವ ಸನ್ನೆಗೋಲನ್ನು ಮುಟ್ಟುವ ಮೊದಲು ಒಬ್ಬರು ತೋರಿಸಿ ಕೇಳಬೇಕು, ಇನ್ನೊಬ್ಬರು ನೋಡಿ ಹೌದೆನ್ನಬೇಕು ಎಂಬ ನಿಯಮದ ಅರ್ಥ ಇದರಿಂದ ಚೆನ್ನಾಗಿ ತಿಳಿಯುತ್ತದೆ.

ಇನ್ನು ಅಜ್ಜಿಯ ಪ್ರಶ್ನೆಗೆ ಬರುತ್ತೇನೆ. ಯಾವಾಗ ಬೇಗ ಇಳಿಯಬೇಕು, ಯಾವಾಗ ಸುತ್ತಬೇಕು? 2024ರಲ್ಲಿ, ನಮಗೆ ಹತ್ತಿರದ ಎರಡು ಊರುಗಳಲ್ಲಿ, ಒಂದೇ ಕಂಪನಿಯ ಎರಡು ವಿಮಾನಗಳಿಗೆ ಆದುದನ್ನು ಜೊತೆಯಲ್ಲಿಟ್ಟು ನೋಡಿದರೆ ಉತ್ತರ ಹೊಳೆಯುತ್ತದೆ. ಮೇ 18ರ ರಾತ್ರಿ ಬೆಂಗಳೂರಿನಿಂದ ಕೊಚ್ಚಿಗೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ಇಂಜಿನಿನಲ್ಲಿ ಬೆಂಕಿ ಕಾಣಿಸಿತು. ಚಾಲಕರು ಕೂಡಲೇ ಹಿಂದಿರುಗಿ ಕೆಂಪೇಗೌಡ ನಿಲ್ದಾಣದಲ್ಲಿ ಇಳಿಸಿದರು. 179 ಪ್ರಯಾಣಿಕರನ್ನೂ ಸಿಬ್ಬಂದಿಯನ್ನೂ ಹೊರಗೆ ಸಾಗಿಸಲಾಯಿತು. ಇದೆಲ್ಲ ಕೆಲವೇ ನಿಮಿಷಗಳ ಕೆಲಸ. ಅಕ್ಟೋಬರ್ 11ರ ಸಂಜೆ ತಿರುಚಿರಾಪಳ್ಳಿಯಿಂದ ಶಾರ್ಜಾಕ್ಕೆ ಹೊರಟ, 141 ಪ್ರಯಾಣಿಕರಿದ್ದ ಇನ್ನೊಂದು ವಿಮಾನದಲ್ಲಿ ಹೈಡ್ರಾಲಿಕ್ ವ್ಯವಸ್ಥೆ ಕೆಟ್ಟಿತು. ಅದು ಎರಡು ಗಂಟೆಗೂ ಮೇಲ್ಪಟ್ಟು ಊರಿನ ಸುತ್ತ ಸುತ್ತಿ, ರಾತ್ರಿ ಎಂಟು ಗಂಟೆ ದಾಟಿದ ಮೇಲೆ ಇಳಿಯಿತು. ಎಲ್ಲರೂ ಕ್ಷೇಮ.

ಏಕೆ ಈ ವ್ಯತ್ಯಾಸ? ಬೆಂಕಿ ಕಾಯುವುದಿಲ್ಲ, ಹೊತ್ತು ಹೋದಂತೆ ಅಪಾಯ ಬೆಳೆಯುತ್ತದೆ. ಹೈಡ್ರಾಲಿಕ್ ಎಂದರೆ ಒತ್ತಡದ ಎಣ್ಣೆಯ ಬಲದಿಂದ ಚಕ್ರ, ಬ್ರೇಕು, ರೆಕ್ಕೆಯ ಅಂಚುಗಳು ಮುಂತಾದುವನ್ನು ನಡೆಸುವ ವ್ಯವಸ್ಥೆ. ಅಂಥವು ಒಂದಕ್ಕಿಂತ ಹೆಚ್ಚು ಇರುತ್ತವೆ. ಒಂದು ಹೋದರೆ ಹಾರುವುದಕ್ಕೆ ಅಡ್ಡಿಯಿಲ್ಲ. ಇಳಿದು ನಿಲ್ಲುವುದೇ ಕಷ್ಟ. ದೂರ ಹೋಗಬೇಕಾದ ವಿಮಾನದ ಹೊಟ್ಟೆ ತುಂಬ ಇಂಧನ. ಭಾರ ಹೆಚ್ಚಿದ್ದರೆ ಇಳಿಯುವ ವೇಗ ಹೆಚ್ಚು, ನಿಲ್ಲಿಸಲು ಬೇಕಾದ ದಾರಿಯೂ ಹೆಚ್ಚು. ಬೋಯಿಂಗ್ 737 ಮಾದರಿಯಲ್ಲಿ ಇಂಧನವನ್ನು ಆಕಾಶದಲ್ಲೇ ಚೆಲ್ಲುವ ಏರ್ಪಾಡಿಲ್ಲ. ಸುತ್ತಿ ಸುತ್ತಿ ಉರಿಸಿಯೇ ಭಾರ ಇಳಿಸಬೇಕು. ಆ ವೇಳೆಯಲ್ಲಿ ಪುಸ್ತಕ ಓದಿ ಮುಗಿಸಬಹುದು, ಇಳಿಯುವ ದೂರವನ್ನು ಲೆಕ್ಕಹಾಕಬಹುದು, ಕೆಳಗೆ ಬೆಂಕಿಯ ಗಾಡಿಗಳನ್ನು ಸಿದ್ಧಪಡಿಸಬಹುದು. ಅಂದರೆ ಆ ಸುತ್ತಾಟ ದಿಕ್ಕುತೋಚದವರ ಅಲೆದಾಟವಲ್ಲ, ಅದೇ ಚಿಕಿತ್ಸೆ. ರೇಡಿಯೋದ ಭಾಷೆಯಲ್ಲಿಯೂ ಈ ಭೇದವಿದೆ. ಪ್ರಾಣಾಪಾಯವಿದ್ದರೆ “ಮೇಡೇ” ಎಂದು ಮೂರು ಸಲ. ತೊಂದರೆಯಿದೆ, ಆದರೆ ಆ ಕ್ಷಣಕ್ಕೆ ಪ್ರಾಣಾಪಾಯವಿಲ್ಲ ಎನ್ನುವುದಕ್ಕೆ “ಪ್ಯಾನ್ ಪ್ಯಾನ್” ಎಂದು ಮೂರು ಸಲ.

ಇಷ್ಟು ಬರೆದು ನಿಲ್ಲಿಸಿದರೆ ಪುಸ್ತಕವೊಂದಿದ್ದರೆ ಸಾಕೆಂಬ ತಪ್ಪು ಅಭಿಪ್ರಾಯ ಉಂಟಾದೀತು. ಪುಸ್ತಕವೇ ತಪ್ಪಾಗಿದ್ದರೆ? ಇದಕ್ಕೆ ಉತ್ತರವಾಗಿ ನಮ್ಮ ರಾಜ್ಯದಲ್ಲೇ ನಡೆದ ಒಂದು ಪರೀಕ್ಷಾ ಹಾರಾಟವನ್ನು ನೆನೆಯಬೇಕು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ರೂಪಿಸಿದ ‘ಸಾರಸ್’ ಎಂಬ ಚಿಕ್ಕ ಪ್ರಯಾಣಿಕ ವಿಮಾನದ ಎರಡನೆಯ ಮಾದರಿ 2009ರ ಮಾರ್ಚ್ 6ರಂದು ಮೇಲೇರಿತು. ಒಂದು ಇಂಜಿನನ್ನು ಬೇಕೆಂದೇ ಆಕಾಶದಲ್ಲಿ ನಿಲ್ಲಿಸಿ ಮತ್ತೆ ಹೊತ್ತಿಸುವುದು ಆ ದಿನದ ಪರೀಕ್ಷೆ. ಅದು ಕೈಗೂಡಲಿಲ್ಲ, ವಿಮಾನ ಹತೋಟಿ ತಪ್ಪಿ ಬಿಡದಿಯ ಬಳಿ ಬಿದ್ದಿತು. ವಾಯುಪಡೆಯ ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಷಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ ಪ್ರಾಣ ತೆತ್ತರು. ಮತ್ತೆ ಹೊತ್ತಿಸುವುದಕ್ಕೆಂದು ಬರೆದುಕೊಟ್ಟಿದ್ದ ಕ್ರಮವೇ ತಪ್ಪಾಗಿತ್ತು, ಅದನ್ನು ನಡೆಸಿದ ಎತ್ತರವೂ ಸಾಲದಾಗಿತ್ತು ಎಂದು ತನಿಖೆಯಲ್ಲಿ ತಿಳಿದುಬಂದಿತು. ಪ್ರೊಪೆಲ್ಲರ್ ತಯಾರಿಸಿದವರನ್ನು ಕೇಳದೆಯೇ ಆ ಕ್ರಮವನ್ನು ರೂಪಿಸಿದ್ದರಂತೆ. ಮೊದಲನೆಯ ಪ್ರಯತ್ನ ಸೋತಾಗಲೇ ಹಾರಾಟವನ್ನು ಕೈಬಿಡದಿದ್ದುದೂ ಒಂದು ಕಾರಣವೆಂದರು. ಇಂದು ಪ್ರಯಾಣಿಕ ವಿಮಾನದ ಚಾಲಕರು ನಂಬಿಕೆಯಿಂದ ತೆರೆದು ಓದುವ ಪುಸ್ತಕದ ಒಂದೊಂದು ಸಾಲಿನ ಹಿಂದೆ ಇಂಥವರ ಪರೀಕ್ಷೆಗಳಿವೆ. ಕೆಲವು ಸಾಲುಗಳ ಹಿಂದೆ ಪ್ರಾಣಗಳೂ ಇವೆ.

ಪುಸ್ತಕದಲ್ಲಿ ಇಲ್ಲವೇ ಇಲ್ಲದ ದೋಷವೂ ಬರಬಹುದು. 1989ರ ಜುಲೈ 19ರಂದು ಅಮೆರಿಕದಲ್ಲಿ ಯುನೈಟೆಡ್ ಕಂಪನಿಯ ಡಿ.ಸಿ. 10 ವಿಮಾನದ ಬಾಲದ ಇಂಜಿನು ಸಿಡಿದು, ಮೂರು ಹೈಡ್ರಾಲಿಕ್ ವ್ಯವಸ್ಥೆಗಳೂ ಒಮ್ಮೆಗೇ ಬರಿದಾದುವು. ಚುಕ್ಕಾಣಿ ತಿರುಗಿಸಿದರೆ ಏನೂ ಆಗದು. ಕ್ಯಾಪ್ಟನ್ ಆಲ್ ಹೇನ್ಸ್ ಹಿರಿಯರು, ಬಹಳ ಅನುಭವಿಗಳು. ಆದರೂ ತಮ್ಮ ಸಂಗಡಿಗರನ್ನೆಲ್ಲ ಉಪಾಯ ಕೇಳಿದರು. ಪ್ರಯಾಣಿಕರ ನಡುವೆ ಕುಳಿತಿದ್ದ ಡೆನ್ನಿಸ್ ಫಿಚ್ ಎಂಬ ತರಬೇತಿ ಚಾಲಕ ಸಹಾಯಕ್ಕೆ ಬಂದಾಗ ಬೇಡವೆನ್ನದೆ ಒಳಗೆ ಕರೆದರು. ಉಳಿದ ಎರಡು ಇಂಜಿನುಗಳ ಬಲವನ್ನು ಒಂದರದು ಹೆಚ್ಚು ಒಂದರದು ಕಡಮೆ ಮಾಡುತ್ತ, ವಿಮಾನವನ್ನು ತಿರುಗಿಸಿಕೊಂಡು, ಸೂ ಸಿಟಿ ಎಂಬ ಊರಿನ ನಿಲ್ದಾಣದವರೆಗೆ ತಂದರು. ನೆಲ ಮುಟ್ಟುವಾಗ ವಿಮಾನ ಒಡೆಯಿತು. ಆದರೂ 296 ಮಂದಿಯಲ್ಲಿ 184 ಮಂದಿ ಬದುಕಿದರು.

ಹಿರಿಯರ ಮಾತಿಗೆ ಎದುರಾಡಬಾರದೆಂದು ಬೆಳೆದವರು ನಾವು. ಚಾಲಕರ ಕೋಣೆಯಲ್ಲಿ ಆ ಸಂಕೋಚ ಕೂಡದು. ತಪ್ಪು ಕಂಡರೆ ಕಿರಿಯ ಚಾಲಕ ಬಾಯಿಬಿಟ್ಟು ಹೇಳಬೇಕು. ಹಿರಿಯ ಚಾಲಕ ಕಿವಿಗೊಟ್ಟು ಕೇಳಬೇಕು. ಇದನ್ನು ಈಗ ಹಾರಾಟದಷ್ಟೇ ಶ್ರದ್ಧೆಯಿಂದ ಕಲಿಸುತ್ತಾರೆ. ಆರಾರು ತಿಂಗಳಿಗೊಮ್ಮೆ ಚಾಲಕರನ್ನು ಕೃತಕ ವಿಮಾನದ ಕೋಣೆಯಲ್ಲಿ ಕೂರಿಸಿ, ಇಂಜಿನು ನಿಲ್ಲಿಸಿ, ಬೆಂಕಿಯ ಗಂಟೆ ಬಾರಿಸಿ ಪರೀಕ್ಷೆ ಮಾಡುತ್ತಾರೆ. ತೇರ್ಗಡೆಯಾಗದಿದ್ದರೆ ಪ್ರಯಾಣಿಕರನ್ನು ಕೂರಿಸಿಕೊಂಡು ಹಾರುವಂತಿಲ್ಲ. ನಮಗೆ ವರ್ಷದ ಪರೀಕ್ಷೆಗಳೇ ಭಾರವೆನಿಸುತ್ತವೆ. ಅವರಿಗೆ ನಿವೃತ್ತಿಯವರೆಗೂ ಪರೀಕ್ಷೆ!

ದಸರಾ ರಜೆಯಲ್ಲಿ ಮನೆಗೆ ಹೋದಾಗ ಅಜ್ಜಿಯ ಬಳಿ ಕುಳಿತು, ಅಂದು ಸುಳ್ಳು ಹೇಳಿದೆನೆಂದು ಮೊದಲು ಒಪ್ಪಿಕೊಂಡೆ. ಬಳಿಕ ಇದನ್ನೆಲ್ಲ ನನಗೆ ತಿಳಿದ ಹಾಗೆ ಬಿಡಿಸಿ ಹೇಳಿದೆ. ಬಿದ್ದ ವಿಮಾನಗಳ ಕಥೆಯನ್ನೂ ಮುಚ್ಚಿಡಲಿಲ್ಲ. ಅಜ್ಜಿ ಅಡಿಕೆ ಕತ್ತರಿಸುತ್ತ ಸುಮ್ಮನೆ ಕೇಳಿದರು. ಕೊನೆಗೆ ಅಜ್ಜನ ಮಾತು ತೆಗೆದರು. ನಮ್ಮ ಅಜ್ಜ ಕಾಫಿಯ ಮೂಟೆ ಹೇರಿಕೊಂಡು ಮಂಗಳೂರಿಗೆ ಲಾರಿ ಹೊಡೆಯುತ್ತಿದ್ದವರು. ಒಮ್ಮೆ ಸಂಪಾಜೆಯ ಘಾಟಿಯಲ್ಲಿ ಬ್ರೇಕು ಹಿಡಿಯಲಿಲ್ಲವಂತೆ. ಪಕ್ಕದಲ್ಲಿದ್ದ ಕ್ಲೀನರು ಹುಡುಗ ಬಗ್ಗಿ ಬ್ರೇಕಿನ ಪೆಡಲನ್ನೇ ನೋಡುತ್ತ ಕೂಗಿಕೊಂಡನಂತೆ.

“ಅಜ್ಜ ಅದರ ಕಡೆ ನೋಡಲೇ ಇಲ್ಲ,” ಎಂದರು ಅಜ್ಜಿ. “ರಸ್ತೆ ನೋಡಿಕೊಂಡು, ಗೇರು ಇಳಿಸಿಕೊಂಡು, ಮೆಲ್ಲಗೆ ಬರೆಯ ಬದಿಗೆ ಒರಸಿಕೊಂಡು ನಿಲ್ಲಿಸಿದರು. ಬ್ರೇಕಿಗೆ ಏನಾಗಿದೆ ಅಂತ ನೋಡಿದ್ದು ನಿಂತ ಮೇಲೆ. ನೀನು ಇಷ್ಟು ಹೊತ್ತು ಹೇಳಿದ್ದೂ ಅದೇ ಅಲ್ಲವಾ ಮಗಾ?”

ಅದೇ ಅಜ್ಜಿ, ಎಂದೆ. ತಿಂಗಳುಗಟ್ಟಲೆ ಓದಿ ನಾನು ಕಂಡುಕೊಂಡುದನ್ನು ಅವರು ನಾಲ್ಕು ಮಾತಿನಲ್ಲಿ ಮುಗಿಸಿದ್ದರು. ಕೆಟ್ಟುದರ ಮೇಲೆ ಕಣ್ಣು ನೆಡಬಾರದು. ಕೆಡದೆ ಉಳಿದುದನ್ನು ಹಿಡಿದು ನಡೆಸಬೇಕು. ಇದು ವಿಮಾನಕ್ಕೂ ಸರಿ, ಲಾರಿಗೂ ಸರಿ. ಪರೀಕ್ಷೆಯಲ್ಲಿ ಬಾರದ ಪ್ರಶ್ನೆಯನ್ನೇ ನೋಡುತ್ತ ಹೊತ್ತು ಕಳೆಯುವ ನನ್ನಂಥ ವಿದ್ಯಾರ್ಥಿಗಳಿಗೂ ಸರಿ.

ವೈಶಾಖಕ್ಕೆ ಎರಡು ಟಿಕೆಟು ಮಾಡಿಸಿದ್ದೇನೆ. ಕಿಟಕಿಯ ಪಕ್ಕ ನಾನೇ ಕೂರಬೇಕೆಂದು ಅಜ್ಜಿಯ ಕರಾರು.